ಕಿವಿ ಮೇಸ್ತ್ರಿಯ ಸ್ಪೀಕರು

ಮೋಟಾರು ರಿಪೇರಿಯ ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಕಾಗದಪತ್ರಗಳಲ್ಲಿ ಮಾತ್ರ ಉಳಿದುಕೊಂಡಿತ್ತು. ಬಾಯಿಮಾತಿಗೆ ಅವರು ಎಲ್ಲರಿಗೂ ಕಿವಿ ಮೇಸ್ತ್ರಿ. ಕೆಟ್ಟ ಮೋಟಾರನ್ನು ತಂದು ಬೆಂಚಿನ ಮೇಲಿಟ್ಟರೆ ಅವರು ಬೇರೆಯವರ ಹಾಗೆ ಮೊದಲೇ ಬಿಚ್ಚಿ ಹರಡಿಕೊಂಡು ಕೂರುತ್ತಿರಲಿಲ್ಲ. ಮೋಟಾರು ಓಡುತ್ತಿರುವಾಗಲೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆ ಹೊತ್ತಿನಲ್ಲಿ ವರ್ಕ್‌ಶಾಪಿನೊಳಗೆ ಯಾರೂ ಕೆಮ್ಮುವ ಹಾಗಿರಲಿಲ್ಲ. ಆಮೇಲೆ ಕಣ್ಣು ತೆರೆದು, "ಹಿಂದಿನ ಬೇರಿಂಗು ಹೋಗಿದೆ" ಅನ್ನುವರು. ಬಿಚ್ಚಿದರೆ ಹಿಂದಿನ ಬೇರಿಂಗೇ ಹೋಗಿರುತ್ತಿತ್ತು.

ಇದು ತನ್ನ ಜಾಣತನ ಅಂತ ಅವರು ಎಂದೂ ಹೇಳಿಕೊಂಡವರಲ್ಲ. ಬೆಳಿಗ್ಗೆ ಷಟರು ಎತ್ತಿ, ಮೊದಲ ಮೋಟಾರಿಗೆ ಕೈ ಹಾಕುವ ಮುಂಚೆ ಎರಡೂ ಕಿವಿ ಮುಟ್ಟಿಕೊಂಡು, 'ಕೊಟ್ಟವನು ನೀನು, ಕಾಯುವವನೂ ನೀನೇ' ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದರು. ಆದರೂ ಮನುಷ್ಯ ಮನುಷ್ಯನೇ ತಾನೆ. ದೇವರು ಕೊಟ್ಟದ್ದನ್ನು ಮೂವತ್ತೈದು ವರ್ಷ ಹತ್ತು ಜನ ಹೊಗಳುತ್ತ ಬಂದರೆ, ಕೊಟ್ಟವನ ಹೆಸರು ಮೆಲ್ಲಗೆ ಹಿಂದೆ ಸರಿದು ಪಡೆದವನ ಹೆಸರೇ ಮುಂದೆ ಬಂದು ನಿಲ್ಲುತ್ತದೆ.

ಸ್ಪೀಕರಿನ ಮಾತು ಎತ್ತಿದವಳು ಮಗಳು. ಆರು ವರ್ಷದಿಂದ ಅಪ್ಪನ ಜೊತೆ ಅದೇ ಬೆಂಚಿನಲ್ಲಿ ವೈಂಡಿಂಗ್ ಮಾಡುತ್ತಿದ್ದ ಅವಳು ಒಂದು ದಿನ ತಾಮ್ರದ ತಂತಿ ಸುತ್ತುತ್ತಲೇ ಅಂದಳು, "ಅಪ್ಪಾ, ಇಷ್ಟು ವರ್ಷ ಆ ಕಿವಿಗೆ ಬರೀ ಮೋಟಾರು ತಿನ್ನಿಸಿದ್ದೀಯ. ಇನ್ನಾದ್ರೂ ಒಳ್ಳೇದೇನಾದ್ರೂ ಹಾಕು. ಮನೇಲಿ ಹಾಡಿನ ಸೆಟ್ಟಿನ ಸ್ಪೀಕರು ಕೆಟ್ಟು ಹತ್ತು ವರ್ಷ ಆಯ್ತು."

ಮೇಸ್ತ್ರಿಗೆ ಅಷ್ಟೇ ಸಾಕಾಗಿತ್ತು. ಹರೆಯದಲ್ಲಿ ಅವರು ಮನಸಾರೆ ಮೆಚ್ಚಿದ ಹಾಡಿನ ತಟ್ಟೆಯೊಂದಿತ್ತು. ಒಬ್ಬ ಹೆಂಗಸಿನ ದನಿ, ಒಂದು ತಂತಿವಾದ್ಯ, ನಡುನಡುವೆ ಒಂದು ಕಿರುಗಂಟೆ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು, ಊರಿನಲ್ಲೇ ಹೆಸರುವಾಸಿಯಾದ ಸ್ಪೀಕರ್ ಅಂಗಡಿಯ ಮೆಟ್ಟಿಲು ಹತ್ತಿದರು.

ಅಂಗಡಿಯವರು ಮೆಲುಮಾತಿನ ಸಣಕಲು ಮನುಷ್ಯ. ಹಾಡು ಕೇಳಿಸುವುದಕ್ಕೆಂದೇ ಅವರಲ್ಲಿ ಒಂದು ಕೋಣೆಯಿತ್ತು. ನೆಲಕ್ಕೆ ದಪ್ಪ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಗೋಡೆಯುದ್ದಕ್ಕೂ ಎದೆಯೆತ್ತರದ ಸ್ಪೀಕರುಗಳು ಸಾಲಾಗಿ, ದೊಡ್ಡವರು ಬಂದಾಗ ಎದ್ದು ನಿಂತವರ ಹಾಗೆ. ನಟ್ಟನಡುವೆ ಒಂದೇ ಒಂದು ಕುರ್ಚಿ.

"ಕೂತ್ಕೊಳ್ಳಿ ಸಾರ್. ಈ ಕುರ್ಚಿಗೆ ಎರಡೂ ಸ್ಪೀಕರು ಸಮದೂರ. ಒಂದು ಗೇಣು ಆಚೀಚೆ ಆದ್ರೂ ಆಟ ಕೆಡುತ್ತೆ."

"ಒಬ್ಬರಿಗೇನಾ?" ಎಂದಳು ಮೇಸ್ತ್ರಿಯ ಹೆಂಡತಿ.

"ಪೂರ್ತಿ ಸುಖ ಒಬ್ಬರಿಗೇ ಅಮ್ಮ. ಉಳಿದವರಿಗೆ ಪಾಲು."

"ನನಗೆ ಪಾಲೇ ಸಾಕು" ಎಂದು ಅವಳು ಪಕ್ಕದ ಸೋಫಾದಲ್ಲಿ ಕೈಚೀಲ ಮಡಿಲಿಗಿಟ್ಟುಕೊಂಡು ಕುಳಿತಳು. ಪುಟ್ಟ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ಟೀಚರು ಅವಳು. ಮನೆಯಲ್ಲಿ ಸದ್ದಿಗೆ ಸಂಬಂಧಪಟ್ಟ ತೀರ್ಪೆಲ್ಲ ಗಂಡನದು ಅನ್ನುವುದನ್ನು ಮದುವೆಯಾದ ಮೊದಲ ವಾರವೇ ಒಪ್ಪಿಕೊಂಡು ಹಾಯಾಗಿದ್ದಳು.

ಮೊದಲು ಕಪ್ಪು ಮರದ ಒಂದು ಜೋಡಿ. ಹಾಡು ಶುರುವಾಯಿತು. ಮೇಸ್ತ್ರಿಯ ಮೈ ಜುಮ್ಮೆಂದಿತು. ದನಿ ಎಡದ ಪೆಟ್ಟಿಗೆಯಿಂದಲೂ ಬರುತ್ತಿರಲಿಲ್ಲ, ಬಲದ ಪೆಟ್ಟಿಗೆಯಿಂದಲೂ ಬರುತ್ತಿರಲಿಲ್ಲ. ಎರಡರ ನಡುವೆ, ಏನೂ ಇಲ್ಲದ ಜಾಗದಲ್ಲಿ, ಒಬ್ಬ ಹೆಂಗಸು ನಿಂತು ಹಾಡುತ್ತಿದ್ದಳು. ಎದ್ದು ಹೋಗಿ ಮುಟ್ಟಿದರೆ ಬರೀ ಗಾಳಿ. ಕೂತು ಕಣ್ಣು ಮುಚ್ಚಿದರೆ ಆಕೆ ಅಲ್ಲೇ. ಪ್ರಾರ್ಥನೆಗೆ ಕುಳಿತಾಗ ಒಮ್ಮೊಮ್ಮೆ ಇದಿರಿಗೆ ಯಾರೋ ಇದ್ದಾರೆ ಅನ್ನಿಸುತ್ತದಲ್ಲ, ಹಾಗೆ.

ಆದರೆ ಗಂಟೆ ಎಲ್ಲಿ? ಮೇಸ್ತ್ರಿ ಹುಬ್ಬು ಗಂಟಿಕ್ಕಿದರು. "ಇದರಲ್ಲಿ ಮೇಲಿನ ಸಣ್ಣ ಸದ್ದು ಸತ್ತಿದೆ" ಎಂದರು. ಎರಡನೆಯ ಜೋಡಿಯಲ್ಲೂ ಅದೇ ಕಥೆ. ಮೂರನೆಯದು ಬೆಳ್ಳಿಯ ಹಾಗೆ ಥಳಥಳಿಸುವ ಲೋಹದ ಜೋಡಿ. ಅದರಲ್ಲಿ, ಎಲ್ಲೋ ದೂರದ ಬೀದಿಯಿಂದ ಬಂದ ಹಾಗೆ, ಟಿಣ್ ಎಂದಿತು. ಮೇಸ್ತ್ರಿಯ ಮುಖ ಅರಳಿತು.

ಸೋಫಾದಲ್ಲಿ ಹೆಂಡತಿ ಹಣೆ ಒತ್ತಿಕೊಂಡಳು. ಮಗಳು ಗೋಡೆ ನೋಡಿದಳು.

"ಇದು ಸ್ವಲ್ಪ ಹರಿತ ಸಾರ್" ಎಂದರು ಅಂಗಡಿಯವರು, ಇನ್ನೂ ಮೆತ್ತಗೆ.

"ಹರಿತ ಅಲ್ಲ, ಪ್ರಾಮಾಣಿಕ. ಇದೇ ಇರಲಿ."

ಅಂಗಡಿಯವರು ಮೇಸ್ತ್ರಿಯ ಹೆಂಡತಿಯ ಕಡೆ ಒಮ್ಮೆ ನೋಡಿ, "ಒಂದು ವಾರ ಮನೇಲಿಟ್ಟು ಕೇಳಿ. ಇಷ್ಟವಾಗದಿದ್ರೆ ಬದಲಾಯಿಸೋಣ. ಈ ಕೋಣೆ ಎಲ್ಲ ಸ್ಪೀಕರನ್ನೂ ಹೊಗಳುತ್ತೆ. ನಿಜ ಹೇಳೋದು ನಿಮ್ಮ ಕೋಣೆಯೇ" ಎಂದರು.

ಲೋಹದ ಜೋಡಿ ಮನೆಗೆ ಬಂತು. ಮೇಸ್ತ್ರಿ ಟೇಪು ಹಿಡಿದು ಅಳೆದರು. ಪುಸ್ತಕದ ಕಪಾಟು ಮೂಲೆಗೆ ಸರಿಯಿತು, ಊಟದ ಮೇಜು ಅಡುಗೆಮನೆಯ ಬಾಗಿಲಿಗೆ ಅಂಟಿ ನಿಂತಿತು. ನಡುವೆ ಕುರ್ಚಿ, ಕುರ್ಚಿಯಲ್ಲಿ ಮೇಸ್ತ್ರಿ. ಮೊದಲ ದಿನ ಮನೆಯವರೆಲ್ಲ ಸುತ್ತ ಕುಳಿತು ತಲೆದೂಗಿದರು.

ಎರಡನೆಯ ದಿನದಿಂದ ಮನೆಯಲ್ಲಿ ಎಲ್ಲರಿಗೂ ಕೆಲಸವೋ ಕೆಲಸ. ಹೆಂಡತಿಗೆ ಹಿಂದಿನ ಕೋಣೆಯ ಕಪಾಟು ಜೋಡಿಸುವುದು ತಟ್ಟನೆ ನೆನಪಾಯಿತು. ಮಗಳು ವರ್ಕ್‌ಶಾಪಿನ ಮೊಳೆ, ನಟ್ಟು, ಬೋಲ್ಟುಗಳನ್ನೆಲ್ಲ ಗಾತ್ರದ ಪ್ರಕಾರ ಡಬ್ಬಿಗೆ ತುಂಬಿಸಲು ಹೊರಟಳು. ಪಕ್ಕದ ಮನೆಯವರು ತಂಗಾಳಿ ಬೀಸುವ ಹೊತ್ತಿನಲ್ಲೂ ಕಿಟಕಿ ಹಾಕಿಕೊಂಡರು. ಮೇಸ್ತ್ರಿಯ ಜೊತೆ ಉಳಿದವರು ಅತ್ತೆಯೊಬ್ಬರೇ. ಮಗಳು ಅಳಿಯನ ಜೊತೆಯಲ್ಲೇ ಇದ್ದ ಎಂಬತ್ತನಾಲ್ಕರ ಆ ಹಿರಿಜೀವ ಮೂಲೆಯ ಆರಾಮಕುರ್ಚಿಯಲ್ಲಿ ಉಲ್ಲನ್ ಹೆಣೆಯುತ್ತ ಕಾಲಿನಲ್ಲಿ ತಾಳ ಹಾಕುತ್ತಿತ್ತು.

"ಅಳಿಯಂದ್ರೇ, ಇನ್ನೊಂದು ಸಲ ಹಾಕಿ. ಇಷ್ಟು ವರ್ಷಕ್ಕೆ ಒಂದು ಪೆಟ್ಟಿಗೆ ನನ್ನ ಹತ್ರ ನೆಟ್ಟಗೆ ಮಾತಾಡ್ತಿದೆ. ನಿಮ್ಮ ಮನೇಲಿ ಎಲ್ಲರೂ ಗೊಣಗೋರೇ."

"ನೋಡಿದ್ರಾ ಅತ್ತೆ, ನಿಮಗೆ ಗೊತ್ತಾಯ್ತು. ಇವರಿಗೆಲ್ಲ ರುಚಿಯಿಲ್ಲ."

ನಾಲ್ಕನೆಯ ದಿನ ಮೇಸ್ತ್ರಿ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕೂಗಿದರು. ಅವಳು ತಿರುಗಲಿಲ್ಲ. ಇನ್ನೊಮ್ಮೆ ಕೂಗಿದರು. ಹತ್ತಿರ ಹೋಗಿ ಭುಜ ಮುಟ್ಟಿದಾಗ ಅವಳು ಬೆಚ್ಚಿ, ಎರಡೂ ಕಿವಿಯಿಂದ ಹತ್ತಿ ತೆಗೆದಳು.

"ಇದೇನಿದು?"

"ಏನಿಲ್ಲ, ಸ್ವಲ್ಪ ಚುಚ್ಚುತ್ತೆ ರೀ. ಅಭ್ಯಾಸ ಆಗುತ್ತೆ ಬಿಡಿ."

"ಚುಚ್ಚುತ್ತಾ? ಆ ಗಂಟೆ ಎಷ್ಟು ಮೆತ್ತಗಿದೆ ಗೊತ್ತಾ?"

ಅವಳು ಗಂಡನ ಮುಖ ನೋಡಿದಳು. ಸುಳ್ಳು ಹೇಳಿ ರೂಢಿಯಿಲ್ಲದವಳು. "ನನಗೆ ಅದು ಸೂಜಿ ಥರ ಬರುತ್ತೆ" ಎಂದಳು.

ಮೇಸ್ತ್ರಿ ಅಲ್ಲೇ ಮಂಚದ ಅಂಚಿಗೆ ಕುಳಿತರು. ಹೆಂಡತಿಗೆ ಚುಚ್ಚುತ್ತದೆ. ಮಗಳಿಗೆ ಚುಚ್ಚುತ್ತದೆ, ಇಲ್ಲದಿದ್ದರೆ ಅವಳು ನಟ್ಟು ಬೋಲ್ಟು ಎಣಿಸುತ್ತ ಕೂರುವವಳಲ್ಲ. ಪಕ್ಕದ ಮನೆಗೂ ಚುಚ್ಚುತ್ತದೆ. ಚುಚ್ಚದೆ ಇರುವುದು ಇಡೀ ಬೀದಿಯಲ್ಲಿ ಇಬ್ಬರಿಗೆ. ಒಬ್ಬರು ತಾವು, ಇನ್ನೊಬ್ಬರು ಬಾಗಿಲ ಬೆಲ್ಲು ಬಡಿದುಕೊಂಡರೂ ತಲೆಯೆತ್ತದ ಅತ್ತೆ. ಈ ಕಿವಿ ಹೋದರೆ ಇನ್ನು ತಾನು ಯಾವ ಮೇಸ್ತ್ರಿ?

ಸೀದಾ ವರ್ಕ್‌ಶಾಪಿಗೆ ನಡೆದು ಮಗಳ ಇದಿರು ನಿಂತರು. "ನನ್ನ ಕಿವಿ ಮಂದವಾಗಿದೆಯಾ?"

ಮಗಳು ಕೈಯಲ್ಲಿದ್ದ ಡಬ್ಬಿಯನ್ನು ನಿಧಾನವಾಗಿ ಕೆಳಗಿಟ್ಟಳು. "ಎರಡು ವರ್ಷದಿಂದ ಅಪ್ಪ. ದಪ್ಪ ಸದ್ದೆಲ್ಲ ಈಗಲೂ ನಿನ್ನಷ್ಟು ಯಾರಿಗೂ ಸಿಗಲ್ಲ. ಸಣ್ಣಗೆ ಕೀರಲು ಬರುತ್ತಲ್ಲ, ಹೊಸದಾಗಿ ಸವೆಯೋ ಬೇರಿಂಗು, ಅದು ನಿನಗೆ ತಪ್ಪಿಹೋಗುತ್ತೆ. ನೀನು ಊಟಕ್ಕೆ ಹೋದಾಗ ನಾನೊಂದು ಸಲ ನೋಡ್ಕೋತೀನಿ."

"ಅಂದ್ರೆ ಎರಡು ವರ್ಷದಿಂದ ನನ್ನ ಹೆಸರು ಉಳಿಸಿರೋದು ನೀನು."

"ಆ ಕಿವಿಯಿಂದ ಕಲಿತದ್ದೇ ತಾನೆ ನಾನು."

"ಯಾರ್ಯಾರಿಗೆ ಗೊತ್ತು?"

"ನನಗೆ, ಅಮ್ಮನಿಗೆ."

"ನಿಮ್ಮಜ್ಜಿಗೆ?"

"ಅಜ್ಜಿಗೆ ಹೇಳಿದ್ವಿ. ಅವರಿಗೆ ಕೇಳಿಸಲಿಲ್ಲ."

ಮೇಸ್ತ್ರಿಗೆ ಅಳು ಬರುವುದರಲ್ಲಿತ್ತು, ಬಂದದ್ದು ನಗು. ಅಪ್ಪ ನಕ್ಕದ್ದು ನೋಡಿ ಮಗಳೂ ನಕ್ಕಳು. ಆದರೆ ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಮೇಸ್ತ್ರಿ ಅದನ್ನು ನೋಡಿಯೂ ನೋಡದವರಂತೆ ಹಿತ್ತಲಿನ ಕಲ್ಲುಬೆಂಚಿಗೆ ಹೋಗಿ ಕುಳಿತರು. ಬಿಸಿಲು ಹಿತವಾಗಿತ್ತು. ಕೈ ತಾನಾಗಿ ಕಿವಿಯ ಮೇಲೆ ಹೋಯಿತು. 'ಕೊಟ್ಟದ್ದನ್ನು ವಾಪಸು ತಗೊಂಡು ಹೋಗೋಕೆ ಸದ್ದೇ ಮಾಡದೆ ಬಂದೆಯಲ್ಲ' ಎಂದರು ಒಳಗೇ. ಜಗಳದ ದನಿಯಲ್ಲೇ ಅಂದರು. ಆದರೆ ಜಗಳ ಬಹಳ ಹೊತ್ತು ನಿಲ್ಲಲಿಲ್ಲ. ಮೂವತ್ತೈದು ವರ್ಷ ಬಾಡಿಗೆಯಿಲ್ಲದೆ ಇದ್ದ ಮನೆಯಿಂದ ಒಂದೇ ಒಂದು ಕೋಣೆ ಬಿಟ್ಟುಕೊಡು ಅಂದರೆ ರಂಪ ಮಾಡುವುದು ಹೇಗೆ? ಅಷ್ಟೇ ಅಲ್ಲದೆ, ಬಿಟ್ಟ ಕೋಣೆಗೆ ಬಂದಿರುವವಳು ಮಗಳೇ.

ಮಾರನೆಯ ದಿನ ಲೋಹದ ಜೋಡಿಯನ್ನು ಗಾಡಿಗೇರಿಸಿ, ಹೆಂಡತಿಯನ್ನೂ ಜೊತೆಗೆ ಹೊರಡಿಸಿದರು. ಅತ್ತೆ ಬಾಗಿಲವರೆಗೂ ಬಂದು, "ಇರೋದ್ರಲ್ಲಿ ಸಭ್ಯವಾಗಿ ಮಾತಾಡೋದು ಅದೊಂದೇ, ಅದನ್ನೂ ಓಡಿಸ್ತಿದ್ದೀರಾ" ಎಂದು ಬೀಳ್ಕೊಟ್ಟರು.

ಅಂಗಡಿಯಲ್ಲಿ ಮೇಸ್ತ್ರಿ ಸುತ್ತು ಬಳಸಲಿಲ್ಲ. "ನೋಡಿ, ನನಗೆ ಸಣ್ಣ ಸದ್ದು ಕೇಳಿಸಲ್ಲ. ಹೋದ ಸಲ ನಾನು ಸ್ಪೀಕರು ಆರಿಸಲಿಲ್ಲ, ನನ್ನ ಕಿವಿಗೆ ಕನ್ನಡಕ ಆರಿಸಿದೆ."

ಮಾತು ಬಾಯಿಂದ ಹೊರಬಿದ್ದಾಗ ಭೂಮಿಯೇನೂ ಬಿರಿಯಲಿಲ್ಲ. ಅಂಗಡಿಯವರು ಗಲ್ಲ ಕೆರೆದುಕೊಂಡು, "ಅವತ್ತೇ ಅನುಮಾನ ಬಂತು ಸಾರ್. ಆದ್ರೆ ಕಿವಿ ಮೇಸ್ತ್ರಿಗೆ ಹೇಳೋ ಧೈರ್ಯ ಯಾರಿಗಿದೆ" ಎಂದರು.

ಮೇಸ್ತ್ರಿ ಹೆಂಡತಿಯ ಕಡೆ ತಿರುಗಿ ನಡುವಿನ ಕುರ್ಚಿ ತೋರಿಸಿದರು. "ಕೂತ್ಕೋ."

"ನಾನಾ? ನನಗೇನು ಗೊತ್ತಾಗುತ್ತೆ ರೀ."

"ಬೋರ್ಡಿಗೆ ಮುಖ ಮಾಡಿ ಬರೀತಾ, ಹಿಂದಿನ ಸಾಲಲ್ಲಿ ಪಿಸುಗುಟ್ಟಿದ್ದು ಯಾರು ಅಂತ ಹೆಸರು ಹಿಡಿದು ಹೇಳ್ತಿದ್ದವಳು ನೀನು. ಮನೇಲಿ ಇನ್ನೊಂದು ಕಿವಿ ಇದೆ ಅಂತ ನನಗೆ ತೋಚಲೇ ಇಲ್ಲ ನೋಡು."

ಅವಳು ಕುರ್ಚಿಯ ತುದಿಯಲ್ಲಿ, ಯಾವ ಗಳಿಗೆಯಲ್ಲಾದರೂ ಎದ್ದೇಳಲು ತಯಾರಾಗಿ ಕುಳಿತಳು. ಮೇಸ್ತ್ರಿ ಸ್ಪೀಕರುಗಳಿಗೆ ಬೆನ್ನು ಮಾಡಿ, ಅವಳ ಮುಖ ಕಾಣುವ ಹಾಗೆ ಮೋಟು ಸ್ಟೂಲಿನ ಮೇಲೆ ಕುಳಿತರು. ಹಾಡು ಬಂತು. ಒಂದು ಜೋಡಿಗೆ ಅವಳ ಮುಖದಲ್ಲಿ ಬೇಡದ ನೆಂಟರು ಬಂದಾಗಿನ ಮುಗುಳ್ನಗೆ ಮೂಡಿತು. ಅದು ಬೇಡ ಎಂದರು ಮೇಸ್ತ್ರಿ. ಇನ್ನೊಂದು ಜೋಡಿಗೆ ಎಡ ಹುಬ್ಬು ಒಂದು ಎಳೆಯಷ್ಟು ಮೇಲೆ ಹೋಯಿತು. ಅದೂ ಬೇಡ. ಆಮೇಲೆ ಮೊದಲ ದಿನದ ಕಪ್ಪು ಮರದ ಜೋಡಿ. ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ ಅವಳ ಬೆರಳುಗಳು ಒಂದೊಂದಾಗಿ ಸಡಿಲವಾದವು. ಬೆನ್ನು ಕುರ್ಚಿಗೆ ಒರಗಿತು.

"ಹಾಡೋಕೆ ಮುಂಚೆ ಆಕೆ ಉಸಿರು ತಗೊಂಡಳು" ಎಂದಳು, ಯಾರಿಗೆ ಎಂದಿಲ್ಲದೆ.

"ಗಂಟೆ ಬಂತಾ?"

"ಶ್, ಸುಮ್ನಿರಿ."

ಮದುವೆಯಾದಂದಿನಿಂದ ಸದ್ದಿನ ವಿಷಯದಲ್ಲಿ ಮೇಸ್ತ್ರಿಯನ್ನು ಯಾರೂ ಸುಮ್ಮನಿರಿಸಿರಲಿಲ್ಲ. ಅವರಿಗೆ ಬೇಸರವಾಗಲಿಲ್ಲ, ಹೆಗಲ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ಅಂಗಡಿಯವರ ಕಡೆ ತಿರುಗಿ, ಇದೇ ಎಂದು ಕೈಸನ್ನೆ ಮಾಡಿದರು.

ಕಪ್ಪು ಮರದ ಜೋಡಿ ಮನೆಗೆ ಬಂದು ಕುಳಿತ ಸಂಜೆ ಹೆಂಡತಿ ಮೊದಲು ಮಾಡಿದ ಕೆಲಸ ಊಟದ ಮೇಜನ್ನು ಅದರ ಜಾಗಕ್ಕೆ ತಂದದ್ದು. ಎರಡನೆಯದು ಕುರ್ಚಿಯಲ್ಲಿ ಕುಳಿತದ್ದು, ಈ ಸಲ ತುದಿಯಲ್ಲಲ್ಲ. ಮಗಳು ನೆಲದ ಮೇಲೆ ಕಾಲು ಚಾಚಿದಳು. ಮೇಸ್ತ್ರಿ ಅತ್ತೆಯ ಪಕ್ಕ ಮೂಲೆ ಹಿಡಿದರು.

"ಇವು ಗೊಣಗ್ತವೆ" ಎಂದರು ಅತ್ತೆ.

"ನಮ್ಮಿಬ್ಬರ ಮತ ಬಿದ್ದುಹೋಯ್ತು ಅತ್ತೆ. ಈ ಮನೇಲಿ ಇನ್ನು ನಾವು ವಿರೋಧ ಪಕ್ಷ."

ಹಾಡು ನಡುವಿಗೆ ಬಂದಿತ್ತು. ಪಡಸಾಲೆಯಲ್ಲಿ ಫೋನು ಬಡಿದುಕೊಂಡಿತು. ಮೇಸ್ತ್ರಿಯೇ ಹೋಗಿ ಎತ್ತಿದರು. ಹಿಟ್ಟಿನ ಗಿರಣಿಯವರು. "ಮೇಸ್ತ್ರಿಗಳೇ, ದೊಡ್ಡ ಮೋಟಾರು ಏನೋ ಅಂತಿದೆ. ಫೋನು ಅದರ ಹತ್ರ ಹಿಡೀತೀನಿ, ಒಂದು ಚೂರು ಕೇಳಿ ಹೇಳಿಬಿಡಿ. ನಿಮ್ಮ ಕಿವಿಗೆ ಅದೆಷ್ಟರ ಕೆಲಸ."

ಮೇಸ್ತ್ರಿ ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದರು. ಗಿರಣಿಯವರಿಗೆ ಹೇಳಿದರೆ ಊರಿಗೆಲ್ಲ ಹೇಳಿದ ಹಾಗೆ. ಬರುವವರು ಹೋಗುವವರು ಹಿಟ್ಟಿನ ಜೊತೆ ಅದನ್ನೂ ಕಟ್ಟಿಸಿಕೊಂಡು ಹೋಗುತ್ತಾರೆ.

"ಹಿಡೀಬೇಡಿ" ಎಂದರು. "ನನ್ನ ಕಿವಿ ಈಗ ಅರ್ಧ ಕೆಲಸ ಮಾತ್ರ ಮಾಡುತ್ತೆ. ಇಂಥದ್ದೆಲ್ಲ ನನ್ನ ಮಗಳು ನೋಡೋದು. ಎರಡು ವರ್ಷ ಆಯ್ತು, ನಿಮಗೆ ಹೇಳೋದು ಮರೆತಿದ್ದೆ. ಇರಿ, ಕೊಡ್ತೀನಿ."

ಮಗಳು ಎದ್ದು ಬಂದಳು. ಅಪ್ಪನ ಕೈಯಿಂದ ಫೋನು ತೆಗೆದುಕೊಂಡು, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಥೇಟು ಅವರ ಹಾಗೆಯೇ. ಮೇಸ್ತ್ರಿ ಕೆಮ್ಮು ಬಂದದ್ದನ್ನು ತಡೆದುಕೊಂಡು ಒಳಗೆ ಬಂದರು.

ಹೆಂಡತಿಗೆ ಅವರು ಎದ್ದುಹೋದದ್ದೂ ಗೊತ್ತಿರಲಿಲ್ಲ, ಬಂದದ್ದೂ ಗೊತ್ತಾಗಲಿಲ್ಲ. ದಿನವೂ ಅವರ ಚಪ್ಪಲಿಯ ಸದ್ದಿಗೇ ಒಲೆಯ ಮೇಲೆ ನೀರಿಡುತ್ತಿದ್ದವಳು, ಈಗ ಎರಡು ಪೆಟ್ಟಿಗೆಗಳ ನಡುವಿನ ಬರಿಯ ಗಾಳಿಯನ್ನೇ ನೋಡುತ್ತ ಕುಳಿತಿದ್ದಳು. ತಾವು ದಾಟಿ ಹೋದರೆ ಅಲ್ಲಿ ನಿಂತು ಹಾಡುತ್ತಿರುವಾಕೆಗೆ ಅಡ್ಡವಾದೀತು ಎಂಬಂತೆ ಮೇಸ್ತ್ರಿ ಗೋಡೆಯ ಪಕ್ಕಕ್ಕೇ ಸರಿದು, ಅಲ್ಲೇ ನೆಲದ ಮೇಲೆ ಕುಳಿತರು. ತಂತಿವಾದ್ಯದ ದಪ್ಪ ದನಿ ನೆಲಕ್ಕೆ ಊರಿದ ಅವರ ಅಂಗೈಗೆ ಬರುತ್ತಿತ್ತು.