ಸಿಪಾಯಿಗಳಿಗೆ ಬೇಸರವಾಗುವವರೆಗೆ

ಚಳಿ ಬಿಡುತ್ತಿದ್ದ ಕಾಲ, ಅಡುಗೆಮನೆ ಕಿಟಕಿಗೆ ಇನ್ನೂ ಬಿಸಿಲು ಬಂದಿರದ ಹೊತ್ತು. ತಂಗಿಯ ಮಗಳು ನನ್ನ ಚಪ್ಪಲಿ ತಂದು ಕಾಲ ಬಳಿ ಇಟ್ಟು, ಇವತ್ತು ನನ್ನ ಜೊತೆ ಆಫೀಸಿಗೆ ಬಾ ದೊಡ್ಡಮ್ಮ ಎಂದಳು.

ಸಾವಿರಾರು ಜನ ಅವರವರ ಮನೆಯಲ್ಲೇ ಕೂತು ಒಟ್ಟಿಗೆ ಆಡುವ ಕಂಪ್ಯೂಟರ್ ಆಟಕ್ಕೆ ಕಥೆ ಕಟ್ಟುವುದು ಅವಳ ಕೆಲಸ. ಆಡುವವನು ದಾರಿಹೋಕ. ಹೋದಲ್ಲೆಲ್ಲ ಅವನಿಗೊಂದು ಕೆಲಸ ಒಪ್ಪಿಸುತ್ತಾರೆ, ಮುಗಿಸಿದರೆ ಬಹುಮಾನ. ಇವಳು ಬರೆದದ್ದರಲ್ಲಿ ಒಬ್ಬ ಮುದುಕಿ ಜ್ವರ ಬಂದ ದಾರಿಹೋಕನಿಗೆ ಉಣ್ಣಲಿಕ್ಕಿ ಬದುಕಿಸುತ್ತಾಳೆ. ಆಮೇಲೆ ಸಿಪಾಯಿಗಳು ಬಂದು, ಮುದುಕಿಯ ಮಗ ಎಲ್ಲಿ ಅಡಗಿದ್ದಾನೆ ಎಂದು ದಾರಿಹೋಕನನ್ನು ಕೇಳುತ್ತಾರೆ. ಹೇಳಿದರೆ ಕತ್ತಿ ಬಹುಮಾನ, ಮಗನ ಜೊತೆ ಮುದುಕಿಯೂ ಸೆರೆ. ಸುಳ್ಳು ಹೇಳಿದರೆ ಗುಡಿಸಲಿಗೆ ಬೆಂಕಿ.

ಉಂಡ ಮನೆಗೆ ಎರಡು ಬಗೆಯದ ದಾರಿ ಇಲ್ಲವೇನೇ ಎಂದು ಹಿಂದೊಮ್ಮೆ ಕೇಳಿದ್ದೆ. ಇದೆ ಎಂದಳೇ ಹೊರತು ಏನೆಂದು ಹೇಳಿರಲಿಲ್ಲ. ಆ ದಾರಿ ಯಾರಿಗೂ ಸಿಕ್ಕಿಲ್ಲ, ತೆಗೆದುಹಾಕು ಎಂದು ಆಫೀಸಿನಲ್ಲಿ ಅವಳ ಮೇಲಿನವನು ಪಟ್ಟು ಹಿಡಿದಿದ್ದ. ಹೊರಗಿನವರೊಬ್ಬರಿಗೆ ತಾನಾಗಿ ಸಿಕ್ಕರೆ ಉಳಿಸುತ್ತೀರಾ ಎಂದು ಇವಳು ಕೇಳಿದ್ದಳು. ಅವನು ನಕ್ಕು ಒಪ್ಪಿದ್ದನಂತೆ.

ಯಾವಾಗಲೂ ಹೊತ್ತಾಯಿತು ಎನ್ನುವ ಅವನಿಗೆ ಮನೆಯಲ್ಲಿ ನಾವಿಟ್ಟ ಹೆಸರು ಗಡಿಯಾರ. ಆಫೀಸಿಗೆ ಹೋದಾಗ, ನಾನು ಕೂತು ಆಡಲು ಮೆತ್ತೆಯ ಕುರ್ಚಿ ಅವನೇ ಎಳೆದುಕೊಟ್ಟ.

ಆಟದ ಮುದುಕಿ ನನಗೆ ಉಣ್ಣಲಿಕ್ಕಿದ ಮೇಲೆ ಸಿಪಾಯಿಗಳು ಬಂದರು. ಪರದೆಯ ಮೇಲೆ ಎರಡು ಸಾಲು ಮೂಡಿದವು, ನಿಜ ಹೇಳುವುದಕ್ಕೊಂದು, ಸುಳ್ಳಿಗೊಂದು. ಅಕ್ಷರ ಕೂಡಿಸಿ ಎರಡನ್ನೂ ಓದಿ, ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ.

"ಯಾವುದಾದ್ರೂ ಒಂದು ಒತ್ತಬೇಕು ಅಜ್ಜಿ," ಎಂದ ಗಡಿಯಾರ.

"ಒತ್ತಲ್ಲಪ್ಪ. ಅವಳ ಮನೇಲಿ ಉಂಡಿದ್ದೀನಿ."

"ಆಟ ಮುಂದಕ್ಕೆ ಹೋಗಲ್ಲ."

"ಹೋಗದಿದ್ರೆ ಇಲ್ಲೇ ಇರ್ಲಿ. ನನಗೇನು ಬಸ್ಸು ತಪ್ಪುತ್ತಾ?"

ಮುದುಕಿ ದೀಪದ ಬತ್ತಿ ಸರಿಮಾಡಿದಳು. ಸಿಪಾಯಿಗಳು ಅತ್ತಿತ್ತ ತಿರುಗಿದರು. ಒಬ್ಬ ಹೊಸ್ತಿಲ ಮೇಲೆ ಕೂತು ಬೂಟು ಬಿಚ್ಚಿ ಕಲ್ಲು ಕೊಡವಿದ. ನನಗಿಟ್ಟ ಚಹಾ ಆರಿತು. ಕೊನೆಗೆ ಸಿಪಾಯಿಗಳು ತಮ್ಮಲ್ಲೇ ಏನೋ ಗೊಣಗಿಕೊಂಡು ಹೊರಟುಹೋದರು. ಬಹುಮಾನ ಬರಲಿಲ್ಲ. ಮುದುಕಿ ಬಾಗಿಲು ಹಾಕಿ ಚಾಪೆ ಬಿಡಿಸಿದಳು.

"ಇದೇ ಆ ದಾರಿ," ಎಂದಳು ತಂಗಿಯ ಮಗಳು.

"ನೀವು ಆಡ್ಲಿಲ್ಲ ಅಜ್ಜಿ, ಕೂತಿದ್ರಿ ಅಷ್ಟೆ," ಎಂದ ಅವನು. ದನಿಯಲ್ಲಿ ಕೊಂಕಿರಲಿಲ್ಲ. "ದುಡ್ಡು ಕೊಟ್ಟು ಆಡೋರು ಹೀಗೆ ಕೂರಲ್ಲ."

"ಮಾತು ಕೊಟ್ಟಿದ್ರಿ," ಎಂದಳು ಇವಳು.

"ಕೊಟ್ಟಿದ್ದೆ. ಮಧ್ಯಾಹ್ನದೊಳಗೆ ತೆಗೆದುಬಿಡು."

ಅವಳು ತನ್ನ ಮೇಜಿಗೆ ಹೋಗಿ ಕೂತಳು. ನಾನು ಪಕ್ಕದಲ್ಲಿದ್ದೆ. ಅವಳು ಒಂದೊಂದೇ ಸಾಲು ಅಳಿಸಿದಳು. ಬೂಟು ಕೊಡವಿದವನೂ ಹೋದ.

ಮನೆಗೆ ಬರುವಾಗ ಬಸ್ಸಿನಲ್ಲಿ, ನಿನ್ನ ಕೈಯಲ್ಲೇ ಯಾಕೆ ತೆಗೆದೆ ಎಂದು ಕೇಳಿದೆ.

"ಬೇರೆಯೋರು ಕೈ ಹಾಕಿದ್ರೆ ಮಿಕ್ಕಿದ್ದೂ ಕೆಡ್ತಿತ್ತು, ದೊಡ್ಡಮ್ಮ."

ಮನೆಗೆ ಬಂದೆವು. ಉಂಡೆವು, ಮಲಗಿದೆವು. ಅವಳು ಎಂದಿನಂತೆ ಕೆಲಸಕ್ಕೆ ಹೋಗಿಬಂದಳು. ಎಲ್ಲರೂ ಮುದುಕಿಯನ್ನು ಹಿಡಿದುಕೊಟ್ಟು ಕತ್ತಿ ತೆಗೆದುಕೊಳ್ಳುತ್ತಿದ್ದಾರೆ, ಆಟ ಚೆನ್ನಾಗಿ ನಡೆಯುತ್ತಿದೆ ಎಂದು ಒಂದು ಸಂಜೆ ಹೇಳಿದಳು. ಅವಳು ಆ ಆಫೀಸು ಬಿಟ್ಟದ್ದು ಅದರ ಮುಂದಿನ ಸೋಮವಾರ.