ಕಾಲಿಗೆ ಕಾಲು ಹೆಣೆದು

ಗುರುವಾರ ಮುಂಜಾನೆ ಬಂಕಾಪುರದಿಂದ ಹೊರಟ ಟಂಟಂ ಆಟೊದಲ್ಲಿ ನಾಲ್ಕು ಜನರಿದ್ದರು. ಮುಂದೆ ಗಾಡಿ ನಡೆಸುತ್ತಿದ್ದವನು ಮಹಾಂತೇಶ. ಹಿಂದೆ ಅವನ ತಾಯಿ ತಿಪ್ಪವ್ವ, ತೊಡೆಯ ಮೇಲೆ ತೆಂಗಿನಕಾಯಿ ಊದಿನಕಡ್ಡಿಗಳ ಚೀಲ. ಎದುರು ಸೀಟಿನಲ್ಲಿ ಹೆಂಡತಿ ಮಂಜುಳಾ. ಅವಳ ಮಡಿಲಿಗೆ ತಲೆಯಿಟ್ಟು, ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದವಳು ಏಳು ವರ್ಷದ ಭಾಗ್ಯಶ್ರೀ. ಹತ್ತಿಮತ್ತೂರಿನ ಆಚೆ ಹೊಲದಲ್ಲೇ ಮನೆ ಕಟ್ಟಿಕೊಂಡಿರುವ ಉಳಿವೆಪ್ಪಜ್ಜ ಅವತ್ತು ನೋವು ಬಿಡಲೆಂದು ಆ ಹೊಟ್ಟೆಯ ಮೇಲೆ ಕಾದ ಕಬ್ಬಿಣದಿಂದ ಬರೆ ಎಳೆಯುವವನಿದ್ದ. ಹುಡುಗಿಗೆ ಅದು ಗೊತ್ತಿರಲಿಲ್ಲ. ದೇವರಿಗೆ ಹೊರಟಿದ್ದೇವೆ ಎಂದು ಹೇಳಿ ಹೊಸ ಲಂಗ ತೊಡಿಸಿದ್ದರು.

ಹೊಟ್ಟೆನೋವು ಶುರುವಾಗಿದ್ದು ಬೇಸಿಗೆಯಲ್ಲಿ. ಮೊದಮೊದಲು ಉಂಡಾದ ಮೇಲೆ ಬಂದು ಹೋಗುತ್ತಿತ್ತು. ಬರಬರುತ್ತ ಸಂಜೆಯಾದರೆ ಸಾಕು, ಹುಡುಗಿ ಕಂಬ ಹಿಡಿದು ನಿಂತು ಬೆವರತೊಡಗಿದಳು. ಆಮೇಲೆ ಚಡ್ಡಿ ಹೊಲಸಾಗತೊಡಗಿತು. ದಿನಾಲು ಒಂದಿಷ್ಟು ನೀರುನೀರಾಗಿ, ಅವಳಿಗೆ ಅರಿವೇ ಇಲ್ಲದಂತೆ. ಜುಲಾಬು ಎಂದು ಮನೆಯವರು ತೀರ್ಮಾನಿಸಿದರು. ಯಾರಾದರೂ ಅದನ್ನೇ ತೀರ್ಮಾನಿಸುತ್ತಿದ್ದರು. ತಿಪ್ಪವ್ವ ಹಾಲು ಬಿಡಿಸಿದಳು, ಸೊಪ್ಪು ಬಿಡಿಸಿದಳು, ನೀರನ್ನೂ ಗುಟುಕು ಲೆಕ್ಕದಲ್ಲಿ ಕೊಟ್ಟಳು. ದಾಳಿಂಬೆ ಸಿಪ್ಪೆ ಕುದಿಸಿ ಮೂಗು ಹಿಡಿದು ಕುಡಿಸಿದಳು. ಹೊಟ್ಟೆ ಕಟ್ಟುವುದೆಲ್ಲ ಒಳಗೆ ಹೋಯಿತು. ಹೊಟ್ಟೆ ಇನ್ನಷ್ಟು ಉಬ್ಬಿತು, ಚಡ್ಡಿ ಇನ್ನಷ್ಟು ಹೊಲಸಾಯಿತು. ಶಾಲೆಯಲ್ಲಿ ನಾತ ಎಂದು ಬಾಗಿಲ ಹತ್ತಿರ ಒಬ್ಬಳನ್ನೇ ಕೂರಿಸಿದರು. ಮಂಜುಳಾ ಎರಡು ಸಲ ಹೊಡೆದಳು, ಹೊಡೆದ ಕೈಯಿಂದಲೇ ತೊಳೆದಳು.

ಶಿಗ್ಗಾಂವಿಯ ಒಂದು ಖಾಸಗಿ ದವಾಖಾನೆಯಲ್ಲಿ ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿ ಸ್ಕ್ಯಾನ್ ಮಾಡಿದರು. ಜಂತುಹುಳದ ಗುಳಿಗೆ, ಗ್ಯಾಸಿನ ಔಷಧ ಬರೆದುಕೊಟ್ಟರು. ಎರಡನೆಯ ಸಲ ಹೋದಾಗ ಡಾಕ್ಟರು ಮುಖ ಎತ್ತದೆ, ಒಳಗೆ ಏನೂ ಇಲ್ಲ, ಸಾಲಿ ತಪ್ಪಿಸಲಿಕ್ಕೆ ನಾಟಕ, ನಾಲ್ಕು ಬಿಗಿದರೆ ಸರಿಹೋಗುತ್ತದೆ ಎಂದುಬಿಟ್ಟರು. ತಿಪ್ಪವ್ವನಿಗೆ ಅಷ್ಟು ಸಾಕಾಯಿತು. ದವಾಖಾನೆಯ ಕಣ್ಣಿಗೆ ಬೀಳದ್ದು ಕಬ್ಬಿಣದ ಕಣ್ಣಿಗೆ ಬೀಳುತ್ತದೆ ಎಂಬುದು ಅವಳ ನಂಬಿಕೆ. ಸೀರೆ ಸರಿಸಿ ತನ್ನ ಹೊಕ್ಕುಳಿನ ಸುತ್ತ ಇದ್ದ ಹಳೆಯ ಬರೆಗಳನ್ನು ಸೊಸೆಗೆ ತೋರಿಸಿದಳು.

"ನೋಡು, ಈಕಿ ವಯಸ್ಸಿನ್ಯಾಗ ನನಗ ಚುಟಿಗಿ ಹಾಕಿಸಿದ್ರು. ಸತ್ತೆನೇನು?"

ಬೇಡ ಅನ್ನುವವಳ ಕೈಯಲ್ಲಿ ಇನ್ನೊಂದು ದಾರಿ ಇರಬೇಕು. ಮಂಜುಳೆಯ ಕೈ ಬರಿದಾಗಿತ್ತು. ಡಾಕ್ಟರು ನೋವೇ ಸುಳ್ಳು ಎಂದಿದ್ದರು, ಬರೆ ಹಾಕುವವನು ನೋವು ಖರೆ ಎಂದು ನಂಬುತ್ತಿದ್ದ. ಮಗು ರಾತ್ರಿಯಿಡೀ ನರಳುವುದನ್ನು ಕೇಳಿದ ತಾಯಿಗೆ ಇಬ್ಬರಲ್ಲಿ ಯಾರು ಹತ್ತಿರದವರು? ಈ ನಾಡಿನಲ್ಲಿ ಕಬ್ಬಿಣ ಕಾಯುವುದು ಬರೀ ಮೂಢರ ಒಲೆಯಲ್ಲಿ ಅಲ್ಲ. ಮುಖ ಎತ್ತದ ಡಾಕ್ಟರರ ಮೇಜಿನ ಮೇಲೂ ಕಾಯುತ್ತದೆ.

ಉಳಿವೆಪ್ಪಜ್ಜನ ಅಂಗಳದಲ್ಲಿ ಆಗಲೇ ಸೆಗಣಿ ಕುಳ್ಳಿನ ಬೆಂಕಿ ಕೆಂಡವಾಗಿತ್ತು. ಅದರೊಳಗೆ ಬೆರಳು ದಪ್ಪದ ಸಲಾಕೆ. ಇವರಿಗಿಂತ ಮುಂಚೆ ಬಂದವರೊಬ್ಬರ ಕೂಸಿನ ಸರದಿ ಒಳಗೆ ನಡೆದಿತ್ತು. ಒಮ್ಮೆಲೇ ಎದ್ದ ಅದರ ಚೀರಾಟ ನಡುವೆಯೇ ಕಡಿದು ಹೋಯಿತು, ಉಸಿರು ಸಿಕ್ಕ ಮೇಲೆ ಮತ್ತೆ ಶುರುವಾಯಿತು. ಭಾಗ್ಯಶ್ರೀ ತಾಯಿಯ ಸೀರೆಯನ್ನು ಮುಷ್ಟಿಯಲ್ಲಿ ಹಿಡಿದಳು. ದೇವರು ಎಲ್ಲಿ ಎಂದು ಕೇಳಲಿಲ್ಲ.

ಅಜ್ಜ ಹೊರಗೆ ಬಂದ. ಮೆತ್ತಗಿನ ಮಾತಿನ, ಹಣೆ ತುಂಬ ವಿಭೂತಿಯ ಮನುಷ್ಯ. ದುಡ್ಡು ಮುಟ್ಟುವವನಲ್ಲ, ಕಾಯಿ ಒಡೆದರೆ ಮುಗಿಯಿತು. ತನ್ನ ಪದ್ಧತಿ ಹೇಳಿದ. ಮಗು ಬೈಲಕಡಿಗೆ ಹೋಗಿ, ತೊಳೆದುಕೊಂಡು ಬರಬೇಕು. ಹೊಟ್ಟೆ ಹಗುರಾದ ಮೇಲೆಯೇ ಕಬ್ಬಿಣ. ಕೈ ಹಿಡಿಯಬೇಕಾದವನು ಹೆತ್ತಪ್ಪ, ಕಾಲು ಹಿಡಿಯಬೇಕಾದವಳು ಮನೆಯ ಹಿರಿಯಳು. ತಾಯಿ ಹೊರಗೆ ಇರಬೇಕು, ತಾಯಿಯ ಕಣ್ಣೀರು ಬಿದ್ದರೆ ಬರೆ ಕೀವಾಗುತ್ತದೆ.

ಮಂಜುಳಾ ಚರಿಗೆ ತುಂಬಿಕೊಂಡು ಮಗಳನ್ನು ಗೋವಿನಜೋಳದ ಹೊಲದ ಅಂಚಿಗೆ ಕರೆದೊಯ್ದಳು. ಕುಳಿತುಕೋ ಎಂದಳು. ಹುಡುಗಿ ಒಲ್ಲೆ ಎಂದಳು. ಸರಿ, ನಾನು ಆಚೆ ನಿಲ್ಲುತ್ತೇನೆ ಎಂದು ತಾಯಿ ದೂರ ಹೋಗಿ ಬೆನ್ನು ತಿರುಗಿಸಿದಳು. ಅಂಗಳದಿಂದ ಆ ಕೂಸಿನ ಬಿಕ್ಕು ಇನ್ನೂ ಕೇಳುತ್ತಿತ್ತು. ತಡೆಯಲಾಗದೆ ತಿರುಗಿ ನೋಡಿದಳು.

ಭಾಗ್ಯಶ್ರೀ ಕುಳಿತಿರಲಿಲ್ಲ. ಜೋಳದ ದಂಟೊಂದನ್ನು ಹಿಡಿದು ತುದಿಗಾಲ ಮೇಲೆ ನಿಂತಿದ್ದಳು. ಒಂದು ಕಾಲಿಗೆ ಇನ್ನೊಂದನ್ನು ಹೆಣೆದಿದ್ದಳು, ಕುಂಡಿ ಬಿಗಿದಿದ್ದಳು. ಮೈಯೆಲ್ಲ ಬಿಲ್ಲಾಗಿ ನಡುಗುತ್ತಿತ್ತು. ಈ ಭಂಗಿಯನ್ನು ಮಂಜುಳಾ ಮನೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಎದುರಿನಿಂದ ನೋಡಿದ್ದಳು. ಕೆಂಪೇರಿದ ಮುಖ ನೋಡಿ, ಪಾಪ ಮಗು ತಿಣುಕುತ್ತಿದೆ, ಬರುತ್ತಿಲ್ಲ ಎಂದುಕೊಂಡಿದ್ದಳು. ಇವತ್ತು ಬೆನ್ನಿನ ಕಡೆಯಿಂದ ನೋಡಿದಳು. ಹಾಗೆ ನಿಲ್ಲುವುದು ಹೊರಗೆ ತಳ್ಳಲಿಕ್ಕಲ್ಲ, ತಡೆಯಲಿಕ್ಕೆ. ಮಂಜುಳೆಯ ಮೈಗೆ ಅದು ಗೊತ್ತಿತ್ತು. ಕೂಲಿಗೆ ಹೋಗುವ ಮಹಾಲಿಂಗಪ್ಪನವರ ಬೀಜದ ಪ್ಲಾಟಿನಲ್ಲಿ, ನೆರಳು ಪರದೆಯ ಕೆಳಗೆ, ಅವಳು ಮತ್ತು ಅವಳ ಜೊತೆಯ ಹೆಂಗಸರು ಪ್ರತಿ ಮುಂಜಾನೆ ಹೀಗೇ ನಿಲ್ಲುತ್ತಿದ್ದರು.

ಅಲ್ಲಿ ಅವರದು ಕ್ರಾಸಿಂಗ್ ಕೆಲಸ. ಗಂಡು ಹೂವಿನ ಪರಾಗ ತೆಗೆದು ಹೆಣ್ಣು ಹೂವಿಗೆ ಸವರುವುದು. ಬಿಸಿಲು ಏರುವ ಮೊದಲೇ ಮುಗಿಯಬೇಕು, ಏರಿದರೆ ಹೂವು ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಸಾಲು ಬಿಟ್ಟು ಯಾರೂ ಕದಲಬಾರದು. ಸುತ್ತ ಸಂಡಾಸ ಇಲ್ಲ, ಮರೆಯೂ ಇಲ್ಲ. ಅದಕ್ಕೆಂದೇ ಮುಂಜಾನೆ ನೀರು ಕುಡಿಯದೆ ಬರುವ ಹೆಂಗಸರು. ಹೂವಿನ ಬಸಿರಿಗೆ ಇಷ್ಟು ಕಾಳಜಿ, ಅದನ್ನು ಕಟ್ಟುವವರ ಕರುಳಿಗೆ ಬೀಗ. ಮನೆಯಲ್ಲಾದರೂ ಏನಿತ್ತು? ಸರ್ಕಾರದ ಸಂಡಾಸದ ಗೋಡೆ ಎದ್ದಿತ್ತು, ಬಾಗಿಲಿನ ಮುಂದೆ ನಿಲ್ಲಿಸಿ ಫೋಟೊ ಹೊಡೆದಾಗಿತ್ತು, ಗುಂಡಿ ತೋಡಿರಲಿಲ್ಲ.

ಅವಳು ಹೋಗಿ ಮಗಳ ಎದುರು ಕುಕ್ಕರುಗಾಲಲ್ಲಿ ಕುಳಿತಳು.

"ಭಾಗಿ, ಬರವಲ್ತೋ, ನೀನ ಬಿಡವಲ್ಲಿಯೋ?"

ಹುಡುಗಿ ಹೊಡೆತಕ್ಕೆ ಹೆದರಿದವಳಂತೆ ಕಣ್ಣು ಮುಚ್ಚಿದಳು. ಆಮೇಲೆ ಒಂದೊಂದೇ ಮಾತು ಬಂತು. ಶಾಲೆಯ ಹಿಂದೆ ಹೋದಾಗ ದೊಡ್ಡ ಹುಡುಗರು ಕಲ್ಲು ಒಗೆದಿದ್ದರು. ಅವತ್ತಿನಿಂದ ಅಲ್ಲಿ ಹೋಗಲಿಲ್ಲ. ಒಂದು ದಿನ ಕಲ್ಲಿನಂಥದ್ದು ಬಂದು ಹರಿದು ರಕ್ತ ಬಂತು. ಅವತ್ತಿನಿಂದ ಎಲ್ಲಿಯೂ ಬಿಡುವುದಿಲ್ಲ. ಬಂದರೆ ಹೀಗೆ ನಿಂತರೆ ವಾಪಸ್ ಹೋಗುತ್ತದೆ.

"ಇದನ್ನ ಯಾರು ಹೇಳಿದ್ರವ್ವಾ ನಿನಗ?"

"ನೀನ ಹೇಳಿದ್ದಿ. ಪ್ಲಾಟಿನ್ಯಾಗ. ಕಾಲಿಗೆ ಕಾಲು ಹಾಕಿ ಹಲ್ಲು ಕಚ್ಚು, ಒಳಗ ಹೊಕ್ಕೈತಿ ಅಂದಿ."

ಹೇಳಿದ್ದಳು. ಬೇಸಿಗೆ ಸೂಟಿಯಲ್ಲಿ ಮಗಳನ್ನು ಕೆಲಸಕ್ಕೆ ಕರೆದೊಯ್ದ ದಿನ. ಸೂಪರ್‌ವೈಜರ್ ನೋಡುತ್ತಿದ್ದ. ಮಗಳು ಬೈಲಕಡಿಗೆ ಅವಸರ ಎಂದಿದ್ದಳು. ತನ್ನ ಅವ್ವ ತನಗೆ ಹೇಳಿಕೊಟ್ಟದ್ದನ್ನೇ ಇವಳು ಮಗಳಿಗೆ ಕೊಟ್ಟಿದ್ದಳು, ಓಲೆ ಬೆಂಡವಾಲೆ ಕೊಟ್ಟಂತೆ.

"ಮಂಜುಳಾ, ಆತೇನು? ಸಳಿ ಕೆಂಪಗ ಆಗೇತಿ," ತಿಪ್ಪವ್ವ ಅಂಗಳದಿಂದ ಕೂಗಿದಳು.

ಮಂಜುಳಾ ಮಗಳನ್ನು ಟೊಂಕದ ಮೇಲೆ ಎತ್ತಿಕೊಂಡು ಬಂದಳು. ಗಂಡನ ಹತ್ತಿರ ನಿಂತು, ಇದು ಜುಲಾಬೂ ಅಲ್ಲ, ಗಾಳಿಸೋಂಕೂ ಅಲ್ಲ, ಹುಡುಗಿ ಹೆದರಿ ತಡೆಹಿಡಿಯುತ್ತಿದ್ದಾಳೆ, ದವಾಖಾನೆಗೆ ನಡೆಯಿರಿ ಎಂದಳು. ಮಹಾಂತೇಶ ತಾಯಿಯ ಮುಖ ನೋಡಿದ. ಇಷ್ಟು ದೂರ ಬಂದು, ಕಾಯಿ ಒಡೆದಾಗಿದೆ, ಸುಮ್ಮನಿರು ಎಂದ. ತಿಪ್ಪವ್ವ ಹುಡುಗಿಯ ಕಾಲಿಗೆ ಕೈ ಹಾಕಿದಳು.

"ಹಿಡ್ಕೊಂಡ್ರ ಹೊಟ್ಟಿ ನೋಯತೈತೇನ? ನಾವೆಲ್ಲಾ ಹಿಡ್ಕೊಂಡಽ ಬಾಳೇ ಮಾಡೀವಿ. ಮುದುಕ್ಯಾರಾಗೀವಿ. ನಿನ್ನ ಮಗಳೇನು ರಾಜಕುಮಾರಿ?"

ಅಜ್ಜ ಸಲಾಕೆ ಎತ್ತಿದ. ಅದರ ತುದಿ ಬಿಸಿಲಿನಲ್ಲೂ ಕೆಂಪಗೆ ಕಾಣುತ್ತಿತ್ತು. ಹುಡುಗಿಗೆ ಈಗ ಎಲ್ಲ ತಿಳಿಯಿತು. ಕೂಗುವ ಬದಲು ಗಾಳಿಯಲ್ಲೇ, ತಾಯಿಯ ಟೊಂಕದ ಮೇಲೇ, ಕಾಲಿಗೆ ಕಾಲು ಹೆಣೆದಳು. ಆ ಬಿಗಿತ ಮಂಜುಳೆಯ ಪಕ್ಕೆಗೆ ಒತ್ತಿತು.

"ಅಜ್ಜಾರ," ಎಂದಳು ಅವಳು, ತಿಪ್ಪವ್ವನ ಕೈ ಕಿತ್ತು ಹಾಕಿ. "ಚುಟಿಗಿ ಹಾಕೂದಿದ್ರ ನನಗ ಹಾಕ್ರಿ. ಇದನ್ನ ಕಲಿಸಿದಾಕಿ ನಾನು. ನನಗೂ ಸಾಲದಿದ್ರ ಆ ಪ್ಲಾಟಿನ ಮಾಲಕನ ಮನೀಗೆ ಹೋಗಿ ಹಾಕ್ರಿ, ಸಾಲಿ ಹಿಂದ ಕಲ್ಲು ಒಗದಾವರಿಗೆ ಹಾಕ್ರಿ. ಈಕಿ ಹೊಟ್ಟಿ ಮುಟ್ಟಿದ್ರ ಆ ಸಳಿ ನಿಮ್ಮ ಕೈಯಾಗ ಉಳಿಯೂದಿಲ್ಲ."

ಅಜ್ಜನ ಕೈ ನಿಂತಿತು. ತಾಯಿ ಒಲ್ಲೆ ಎಂದ ಮಗುವನ್ನು ತಾನು ಮುಟ್ಟುವುದಿಲ್ಲ ಎಂದ. ಆದರೆ ನಾಳೆ ಏನಾದರೂ ಆದರೆ ತನ್ನ ಹೆಸರು ಹೇಳಬೇಡಿ ಎಂದೂ ಸೇರಿಸಿದ. ಆ ಮಾತು ತಿಪ್ಪವ್ವನನ್ನು ಇನ್ನಷ್ಟು ಕೆರಳಿಸಿತು. ಹುಡುಗಿ ಸತ್ತರೆ ನಿನ್ನ ತಲೆಯ ಮೇಲೆ ಎಂದು ಬೈಯುತ್ತಲೇ ಇದ್ದಳು. ಮಂಜುಳಾ ಕಾಯಲಿಲ್ಲ. ಮಗಳನ್ನು ಹೊತ್ತು ಡಾಂಬರು ರಸ್ತೆಗೆ ಬಂದು ಸವಣೂರಿನ ಕಡೆ ನಡೆಯತೊಡಗಿದಳು. ತನ್ನ ಮಾತು ಸುಳ್ಳಾದರೆ? ಒಳಗೆ ಬೇರೆ ರೋಗವೇ ಇದ್ದರೆ? ಮಗಳ ಭಾರಕ್ಕೆ ಟೊಂಕ ಸೀಳುತ್ತಿತ್ತು, ಅದಕ್ಕಿಂತ ಈ ಭಯ ಸೀಳುತ್ತಿತ್ತು. ಹಿಂದೆ ಟಂಟಂ ಸದ್ದು ಬಂತು. ಮಹಾಂತೇಶ ಗಾಡಿ ಹತ್ತು ಎಂದ. ಎಲ್ಲಿಗೆ ಎಂದು ಹೇಳುವವರೆಗೂ ಹತ್ತುವುದಿಲ್ಲ ಎಂದಳು. ಅವನು ಪಕ್ಕದಲ್ಲೇ ಮೆಲ್ಲಗೆ ಗಾಡಿ ಓಡಿಸುತ್ತ ಬಂದ. ಹಿಂದಿನ ಸೀಟಿನಲ್ಲಿ ತಿಪ್ಪವ್ವ ಬೇರೆ ಕಡೆ ಮುಖ ಮಾಡಿ ಕುಳಿತಿದ್ದಳು.

"ದವಾಖಾನಿಗೆ. ಹತ್ತು ಮಾರಾಯ್ತಿ," ಎಂದ ಕೊನೆಗೆ.

ಸವಣೂರಿನ ದವಾಖಾನೆಯಲ್ಲಿ ಪಾಳಿ ಉದ್ದವಿತ್ತು. ಮಕ್ಕಳ ಡಾಕ್ಟರ್ ಹೆಂಗಸು. ಅವರ ಎದುರು ಕುಳಿತಾಗ ಮಂಜುಳಾ ಹೊಟ್ಟೆನೋವು, ಜುಲಾಬು, ಸ್ಕ್ಯಾನ್ ಯಾವುದನ್ನೂ ಮೊದಲು ಹೇಳಲಿಲ್ಲ.

"ಡಾಕ್ಟ್ರ, ಈಕಿಗೆ ಬರವಲ್ತು ಅಂತಲ್ಲರಿ. ಬಂದದ್ದನ್ನ ಹಿಡ್ಕೊಳ್ಳಾಕತ್ತಾಳ. ಹೆದರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಹುಡುಗಿಯನ್ನು ಮಲಗಿಸಿ ಎಡಗಡೆಯ ಕಿಬ್ಬೊಟ್ಟೆಯನ್ನು ಮೆಲ್ಲಗೆ ಒತ್ತಿದರು. ಮಂಜುಳೆಯ ಕೈ ಹಿಡಿದು ಅಲ್ಲೇ ಇಟ್ಟರು. ಒಳಗೆ ಗಟ್ಟಿಗೊಂಡ ಮಲದ ಉಂಡೆ ತಗುಲಿತು. ಆ ಉಂಡೆಯ ಸಂದಿಯಿಂದ ಜಿನುಗುವ ನೀರೇ ಚಡ್ಡಿ ಹೊಲಸು ಮಾಡುತ್ತಿತ್ತು. ಅದು ಜುಲಾಬಲ್ಲ, ನಾಟಕವೂ ಅಲ್ಲ. ಇಷ್ಟು ದಿನ ಏನು ಕೊಟ್ಟಿರಿ ಎಂದು ಕೇಳಿದಾಗ ಮಂಜುಳಾ ದಾಳಿಂಬೆ ಸಿಪ್ಪೆಯನ್ನೂ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ತಿಪ್ಪವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಎನಿಮಾ ಕೊಟ್ಟರು. ಒಂದಿಷ್ಟು ಹೋಯಿತು. ನೀರಿನಲ್ಲಿ ಕದಡಿ ದಿನಾಲು ಕುಡಿಸಲು ಪುಡಿ ಬರೆದುಕೊಟ್ಟು ಅಲ್ಲೇ ಒಂದು ಲೋಟ ಕುಡಿಸಿದರು. ತಿಂಗಳುಗಟ್ಟಲೆ ಕುಡಿಸಬೇಕು, ನೀರು ಸೊಪ್ಪು ಹಣ್ಣು ಕೊಡಬೇಕು, ಬೈಯಬಾರದು. ಎಲ್ಲಕ್ಕಿಂತ ಮೇಲೆ, ಬಂದಾಗ ಬಿಡಬೇಕು. ಮತ್ತೆ ಹಿಡಿದರೆ ಮತ್ತೆ ಕಲ್ಲು, ಮತ್ತೆ ರಕ್ತ, ಮತ್ತೆ ಹೆದರಿಕೆ. ಔಷಧ ನಾವು ಕೊಡಬಹುದು, ಬಿಡುವುದು ಅವಳ ಕೈಯಲ್ಲಿದೆ ಎಂದರು.

ಮಧ್ಯಾಹ್ನದ ಬಿಸಿಲಿನಲ್ಲಿ ಟಂಟಂ ಹೈವೇ ಕ್ರಾಸಿಗೆ ಬಂತು. ಎರಡೂ ಕಡೆ ಲಾರಿಗಳು, ಗ್ಯಾರೇಜು, ಚಹಾದ ಅಂಗಡಿ, ಬೆಂಚುಗಳ ತುಂಬ ಗಂಡಸರು. ಮಡಿಲಲ್ಲಿದ್ದ ಭಾಗ್ಯಶ್ರೀ ಒಮ್ಮೆಲೇ ಸೆಟೆದಳು. ಹಣೆಯಲ್ಲಿ ಬೆವರು ಒಡೆಯಿತು. ಕಾಲಿಗೆ ಕಾಲು ಹೆಣೆದುಕೊಂಡಿತು.

"ಬಂತೇನ?"

ಹುಡುಗಿ ತಲೆ ಅಲ್ಲಾಡಿಸಿದಳು. ಅದು ಹೌದೋ ಅಲ್ಲವೋ ತಿಳಿಯಲಿಲ್ಲ. ಮಹಾಂತೇಶ ಹಿಂತಿರುಗಿ, ಇಲ್ಲೇ ಊರು ಬಂತಲ್ಲ, ಹೊಲದ ತನಕ ಸ್ವಲ್ಪ ಹಿಡಿದುಕೋ ಎಂದ. ಹೇಳಿದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿತು.

"ನಿಲ್ಲಸ್ರಿ," ಎಂದಳು ಮಂಜುಳಾ.

ರಸ್ತೆಯ ಪಕ್ಕ ಗಟಾರದ ಅಂಚು. ಗಿಡವಿಲ್ಲ, ಗೋಡೆಯಿಲ್ಲ. ಹುಟ್ಟಿದಾಗಿನಿಂದ ಕತ್ತಲೆಯಿಲ್ಲದೆ ಬೈಲಕಡಿಗೆ ಕೂರದ ಮಂಜುಳಾ, ನಡುಹಗಲಿನಲ್ಲಿ, ನೂರು ಗಂಡಸರ ಎದುರು ಮಗಳನ್ನು ಕೂರಿಸಿದಳು. ಸೆರಗು ಬಿಚ್ಚಿ ಎರಡೂ ಕೈ ಚಾಚಿ ರಸ್ತೆಗೆ ಮುಖ ಮಾಡಿ ನಿಂತಳು. ತಿಪ್ಪವ್ವ ಗಾಡಿಯಿಂದ ಇಳಿಯಲು ತಡಮಾಡಿದಳು. ಇಳಿದವಳು ಇನ್ನೊಂದು ಬದಿಗೆ ತನ್ನ ಸೆರಗು ಹಿಡಿದಳು.

ಚಹಾದ ಅಂಗಡಿಯ ಬೆಂಚಿನಿಂದ ಒಬ್ಬ ನಕ್ಕ.

"ಏನವ್ವಾ, ನಿಮ್ಮನ್ಯಾಗ ಸಂಡಾಸ ಇಲ್ಲೇನು?"

"ಇಲ್ಲ. ನೀ ಚಾ ಕುಡಿಯೂ ಅಂಗಡ್ಯಾಗ ಹೆಂಗಸರಿಗೆ ಐತೇನು? ಇದ್ರ ತೋರಸು, ಈಗಽ ಬರ್ತೇವಿ."

ಅವನು ಲೋಟದೊಳಗೆ ನೋಡಿದ. ಹಿಂದೆ ಹುಡುಗಿ ಅಳತೊಡಗಿದಳು. ನೋವಾಗುತ್ತದೆ, ಹರಿಯುತ್ತದೆ, ಒಲ್ಲೆ ಎನ್ನುತ್ತ ಏಳಲು ನೋಡಿದಳು. ಮಂಜುಳಾ ಸೆರಗು ಇಳಿಸಲಿಲ್ಲ. ಒಂದು ಕೈ ಹಿಂದೆ ಚಾಚಿ ಕೊಟ್ಟಳು. ಆ ಕೈಯನ್ನು ಎರಡು ಪುಟ್ಟ ಕೈಗಳು ಹಿಡಿದು ಜೋತುಬಿದ್ದವು, ಉಗುರು ನಾಟಿದವು. ಒಂದು ಲಾರಿ ಬೇಕೆಂದೇ ಹಾರ್ನ್ ಒತ್ತಿ ಹೋಯಿತು. ಧೂಳು ಕಣ್ಣಿಗೆ ಬಿತ್ತು. ಅವಳು ರೆಪ್ಪೆ ಬಡಿಯದೆ ನಿಂತಳು.

ಒಂದು ಚೀತ್ಕಾರ. ಆಮೇಲೆ ಕೈಯ ಮೇಲಿದ್ದ ಬಿಗಿ ಮೆಲ್ಲಗೆ ಸಡಿಲಾಯಿತು.

ತಿಪ್ಪವ್ವ ಬಗ್ಗಿ ನೋಡಿದಳು. ಒಂದು ಎಳೆ ರಕ್ತ ಇದೆ, ಅಷ್ಟೇ ಎಂದಳು.

"ಯವ್ವಾ," ಎಂದಿತು ಹಿಂದಿನಿಂದ ಒಂದು ಸಣ್ಣ ದನಿ, "ಇನ್ನೂ ಐತಿ."

"ಕುಂದರು," ಎಂದಳು ಮಂಜುಳಾ, ರಸ್ತೆಯನ್ನೇ ನೋಡುತ್ತ. "ನಿನಗ ಎಷ್ಟೊತ್ತು ಬೇಕು ಅಷ್ಟೊತ್ತು ಕುಂದರು."