ನಾಲ್ಕು ಕಾಯಿ ಹಣ್ಣಾದ ಮೇಲೆ

ಮೂರನೆಯ ವಾಕ್ಯ ಬೇಡ. ಎರಡು ಸಾಕು: ‘ಆದದ್ದಾಯಿತು. ಬಾ, ಹೋಗೋಣ.’ ಜಮಖಂಡಿಯ ಬಸ್ಸು ಬನಹಟ್ಟಿ ಮುಟ್ಟುವುದರೊಳಗೆ ಗಂಗಾರಾಮ ‘ನಿನ್ನ ಹಿತಕ್ಕೇ ಹೇಳಿದ್ದು’ ಎಂಬ ಮೂರನೆಯದನ್ನು ಹೊಡೆದುಹಾಕಿದ್ದ. ಕಾಲೇಜಿನಲ್ಲಿ ಗಣಿತ ಕಲಿಸುವವನು. ಪ್ರಮೇಯದ ಸಾಧನೆ ಗಿಡ್ಡವಾದಷ್ಟೂ ಚೆಂದ ಎಂದು ನಂಬಿದವನು.

ಹೆಂಡತಿ ಪದ್ಮವ್ವ ಪಂಚಮಿಗೆಂದು ಬನಹಟ್ಟಿಯ ತವರಿಗೆ ಹೋದವಳು ದಸರೆ ಕಳೆದರೂ ತಿರುಗಿ ಬಂದಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಯಾರು ಗೆದ್ದರೆಂದಾದರೂ ಗೊತ್ತಾಗುತ್ತಿತ್ತು. ಏಳನೆಯ ಇಯತ್ತೆಗೇ ಸಾಲೆ ಬಿಟ್ಟಿದ್ದ ನೇಕಾರರ ಹುಡುಗಿಯನ್ನು ಮದುವೆಯಾಗಿ, ಗೋಡೆಗೆ ವೇಳಾಪತ್ರಿಕೆ ಅಂಟಿಸಿ, ಆರು ವರ್ಷ ಓದಿಸಿ ಎಸ್ಸೆಸ್ಸೆಲ್ಸಿ ದಾಟಿಸಿದ್ದ. ಫಲಿತಾಂಶ ಬಂದ ದಿನ ಅವಳು ಪೇಢೆ ತರಿಸಿದಳು. ಅವನು ಒಂದು ತಿಂದು, ಕೈ ಒರೆಸಿಕೊಂಡು, ಗೋಡೆಯ ಮೇಲಿನ ಹಳೆಯ ವೇಳಾಪತ್ರಿಕೆ ಕಿತ್ತು ಪಿಯುಸಿಯದನ್ನು ಅಂಟಿಸಿದ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಮರುವಾರ ಪಂಚಮಿ.

ಈಗ ಅವನ ಅಂಗಿಯ ಕಿಸೆಯಲ್ಲಿ ಪಿಯುಸಿ ಪರೀಕ್ಷೆಯ ಫಾರ್ಮು ಇತ್ತು. ಎಲ್ಲ ತುಂಬಿ ಆಗಿತ್ತು, ಅವಳ ಸಹಿ ಒಂದು ಬಿಟ್ಟು. ಶುಕ್ರವಾರ ಕಡೆಯ ದಿನ.

ಮನೆಯ ಮುಂದೆ ಬೇವಿನ ನೆರಳಲ್ಲಿ ಪಗಡೆ ನಡೆದಿತ್ತು. ಪದ್ಮವ್ವನ ಅಣ್ಣ ಧರೆಪ್ಪ ಕವಡೆ ಕುಲುಕುತ್ತಲೇ ತಲೆ ಎತ್ತಿದ.

“ಬರ್ರಿ ಮಾಸ್ತರ. ಬಸ್ಸು ಸಿಕ್ಕಿತಲ್ಲಾ?”

ಸಿಗದಿದ್ದರೆ ಹೇಗೆ ಬರುತ್ತಿದ್ದೆ ಎನ್ನಬೇಕೆನಿಸಿತು. “ಪದ್ಮಾ?” ಎಂದ.

“ಒಳಗದಾಳ. ಮಗ್ಗದ ಮ್ಯಾಲೆ ಕುಂತಾಳ. ಬರತಾಳ ತಗೋರಿ. ಕುಂದರ್ರಿ.”

“ಆಟ ಎಷ್ಟೊತ್ತಿಗೆ ಮುಗಿತದ?”

ಆಡುತ್ತಿದ್ದ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಸಾಬಣ್ಣನೆಂಬ ಕಿರಾಣಿ ಅಂಗಡಿಯವನು ನಕ್ಕೇಬಿಟ್ಟ. ಪಿಂಚಣಿ ಪಡೆಯುವ ಪೋಸ್ಟ್ ಮಾಸ್ತರ ಅಣ್ಣಾಸಾಹೇಬರು ಮಾತ್ರ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು.

“ಇದ ನೋಡ್ರಿ ಅಳಿಯಾರ, ಸುರು ಆಗಿದ್ದ ನಾ ಪಿಂಚಣಿ ತಗೊಂಡ ವರ್ಷ. ಸಂಜಿಕ ಕಾಯಿ ಇದ್ದಲ್ಲೇ ಬುಟ್ಟಿ ಮುಚ್ಚತೇವಿ, ಮುಂಜಾನೆ ತಗೀತೇವಿ. ಒಂಬತ್ತು ವರ್ಷ ಆತು.”

ಒಂಬತ್ತು ವರ್ಷದ ಗುಟ್ಟು ಸರಳವಾಗಿತ್ತು. ಹಾಸಿನ ಸುತ್ತ ತಿರುಗಿ ಬಂದ ಕಾಯಿ ನಡುಮನೆ ಹೊಕ್ಕರೆ ಹಣ್ಣು. ಆದರೆ ಹೊಗಲೇಬೇಕೆಂಬ ಕಟ್ಟಳೆ ಇಲ್ಲ. ಬೇಕಾದರೆ ಬಾಗಿಲವರೆಗೆ ಬಂದು ಇನ್ನೊಂದು ಸುತ್ತು ಹೊರಡಬಹುದು. ಇವರು ಪ್ರತಿ ಸಲವೂ ಹೊರಡುತ್ತಿದ್ದರು.

“ಒಳಗ ಹೋದ್ರ ಗೆದ್ದಂಗಲ್ಲ?” ಎಂದ ಗಂಗಾರಾಮ.

“ಗೆದ್ದ ಏನ್ ಮಾಡೂದ್ರಿ?” ಅಣ್ಣಾಸಾಹೇಬರು ಎಲೆಯ ತೊಟ್ಟು ಮುರಿದರು. “ನಮ್ಮ ಸ್ವಾಮಿಗಳು ದಿನಾ ಮೋಕ್ಷ ಮೋಕ್ಷ ಅಂತಾರ. ಅಲ್ಲಿ ಹೋಗಿ ಮಾಡೂದೇನು ಅಂತ ಕೇಳಿದೆ. ಊಟಕ್ಕ ಏಳ್ರಿ ಅಂದ್ರು.”

ನಾಲ್ಕನೆಯವನಾದ ಕಾಶಪ್ಪ ಮಗಳ ಬಾಣಂತನಕ್ಕೆ ಲೋಕಾಪುರಕ್ಕೆ ಹೋಗಿದ್ದ. ಅವನ ಕೈ ನೀವೇ ಆಡಿ ಎಂದು ಧರೆಪ್ಪ ಜಾಗ ಬಿಟ್ಟ. ಗಂಗಾರಾಮ ಪ್ಯಾಂಟಿನ ಮಡಿಕೆ ಕೆಡದಂತೆ ಕುಳಿತ. ಅವನಿಗೆ ಚದುರಂಗವೆಂದರೆ ಇಷ್ಟ. ಅಲ್ಲಿ ರಾಜ ಸಿಕ್ಕಿಬೀಳುತ್ತಾನೆ, ಇಬ್ಬರೂ ಎದ್ದು ಹೋಗುತ್ತಾರೆ. ಕೊನೆಯಿಲ್ಲದ ಆಟವನ್ನು ಕಂಡರೆ ಅವನಿಗೆ, ಸೋರುವ ನಳ ಕಂಡ ಹಾಗೆ, ಎದ್ದು ಹೋಗಿ ಬಿಗಿಮಾಡಬೇಕೆನಿಸುತ್ತಿತ್ತು.

ಬಿಗಿಮಾಡಿದ. ಕವಡೆಯೂ ಒಲಿಯಿತು. ಮೊದಲನೆಯ ಕಾಯಿ ಒಳಗೆ ಹೋದಾಗ ಸಾಬಣ್ಣ “ಅರೆ!” ಎಂದ. ಎರಡನೆಯದಕ್ಕೆ ಅಣ್ಣಾಸಾಹೇಬರು ಎಲೆ ಅಗಿಯುವುದನ್ನು ನಿಲ್ಲಿಸಿದರು. ಮೂರನೆಯದಕ್ಕೆ ಧರೆಪ್ಪ, “ಕಾಶಪ್ಪ ಬಂದ ಮ್ಯಾಲೆ ಅವನಿಗೆ ಏನ್ ಹೇಳೂದ್ರಿ ಮಾಸ್ತರ?” ಎಂದು ಮೆಲ್ಲಗೆ ಕೇಳಿದ. ಹೊತ್ತು ನೆತ್ತಿಯಿಂದ ಜಾರುವುದರೊಳಗೆ ನಾಲ್ಕೂ ಹಣ್ಣು. ಗಂಗಾರಾಮ ಬೆನ್ನು ನೆಟ್ಟಗೆ ಮಾಡಿ ಸುತ್ತ ನೋಡಿದ.

ಧರೆಪ್ಪ ಕವಡೆ ಎತ್ತಿಕೊಂಡು ಕುಲುಕಿ ಎಸೆದ.

“ನಂದು ಮುಗೀತು,” ಎಂದ ಗಂಗಾರಾಮ.

“ಹೌದ್ರಿ, ನಿಮ್ಮದು ಮುಗೀತು,” ಅಣ್ಣಾಸಾಹೇಬರು ಒಪ್ಪಿದರು. “ಸ್ವಲ್ಪ ಆಚೆ ಸರೀರಿ. ಕವಡಿ ಉಳ್ಳಾಕ ಜಾಗಾ ಸಾಲವಲ್ತು.”

ಅವನು ಸರಿದ. ಮೂವರ ಆಟ ಮುಂದುವರಿಯಿತು. ಅವನ ನಾಲ್ಕು ಕಾಯಿಗಳನ್ನು ಸಾಬಣ್ಣ ನಡುಮನೆಯಿಂದ ಎತ್ತಿ, ಅಡ್ಡ ಬರುತ್ತವೆಂದು, ಎಲೆಯಡಿಕೆಯ ತಟ್ಟೆಯಲ್ಲಿ ಹಾಕಿದ.

ಪದ್ಮವ್ವ ಚಹಾ ತಂದಳು. ಸೀರೆಯ ಮೇಲೆಲ್ಲ ನೂಲಿನ ಜುಂಜು. ಮೈ ಕೈ ತುಂಬಿಕೊಂಡಿದ್ದಳು. ಅದು ಅವನಿಗೆ ಸ್ವಲ್ಪ ಅವಮಾನವೆನಿಸಿತು.

“ಆದದ್ದಾಯಿತು,” ಎಂದ. “ಬಾ, ಹೋಗೋಣ.”

“ಬಂದ ಏನ್ ಮಾಡಲ್ರಿ?”

ಅವನು ಫಾರ್ಮು ತೆಗೆದ. ಅವಳು ಅದನ್ನು ಮುಟ್ಟದೆ, ಓದಿದಳು. ಆರು ವರ್ಷದ ಓದು ವ್ಯರ್ಥವಾಗಿರಲಿಲ್ಲ, ಸರಸರನೆ ಓದಿದಳು.

“ಇದಾದ ಮ್ಯಾಲೆ?”

“ಬಿ.ಎ.”

“ಅದಾದ ಮ್ಯಾಲೆ?”

ಅವನು ಚಹಾ ಕುಡಿದ. ಲೆಕ್ಕ ಬಿಡಿಸಿ ಕೆಳಗೆ ಗೆರೆ ಎಳೆದ ಮೇಲೆ ಯಾವ ವಿದ್ಯಾರ್ಥಿಯೂ ಅವನನ್ನು ‘ಮುಂದೆ?’ ಎಂದು ಕೇಳಿದ್ದಿಲ್ಲ.

“ಒಂದ ಮಾತ ಕೇಳತೇನಿ,” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆದರಿಸಿತು. “ನೀವು ನಾನು ಸುಮ್ಮ ಕುಂತ ಮಾತಾಡಿದ್ದ ಒಂದ ದಿನಾ ಹೇಳ್ರಿ. ಈಗಿಂದೀಗ ಚೀಲಾ ತುಂಬತೇನಿ.”

ಅವನು ಪ್ರಾಮಾಣಿಕವಾಗಿ ಹುಡುಕಿದ. ಮದುವೆಯ ವರ್ಷ, ಎರಡನೆಯ ವರ್ಷ. ಸಿಕ್ಕಿತು.

“ಅನಗವಾಡಿ! ಬಸ್ಸು ಕೆಟ್ಟಿತ್ತು. ಹೊಳೆ ದಂಡ್ಯಾಗ ಎರಡು ತಾಸು ಕುಂತಿದ್ವಿ. ನೀ ನೀರಾಗ ಕಲ್ಲು ಒಗೀತಿದ್ದಿ.”

ಪದ್ಮವ್ವನ ಮುಖ ಒಂದು ಗಳಿಗೆ ಸಡಿಲವಾಯಿತು. ನಗುತ್ತಾಳೆ ಎಂದುಕೊಂಡ. ನಕ್ಕಳು ಕೂಡ.

“ಹೌದ್ರಿ. ನೀವು ಬಂದು ಒಂದ ಗೆರಿ ಕೊರದ್ರಿ, ಇಲ್ಲಿಂದ ಒಗೀಬೇಕು, ಯಾರ ಕಲ್ಲು ದೂರ ಹೊಕ್ಕೈತಿ ನೋಡೂಣು ಅಂದ್ರಿ. ಹತ್ತಕ್ಕ ಒಂಬತ್ತು ನೀವ ಗೆದ್ರಿ.”

ಹತ್ತಕ್ಕೆ ಹತ್ತು ಎಂಬುದು ಅವನ ನಾಲಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿ ಹಿಡಿದ. ಆರು ವರ್ಷದ ಸಂಸಾರದಲ್ಲಿ ಅವನು ಹೆಂಡತಿಗಾಗಿ ಮಾಡಿದ ದೊಡ್ಡ ತ್ಯಾಗ ಬಹುಶಃ ಅದೇ. ಅವಳಿಗೆ ಅದು ಗೊತ್ತಾಗಲಿಲ್ಲ.

“ಮಗ್ಗದ ಮ್ಯಾಲಿನ ಸೀರಿ ಮುಗೀಲಿ,” ಎಂದಳು ಕಪ್ಪು ಎತ್ತಿಕೊಂಡು. “ಸೆರಗ ಒಂದ ಉಳದೈತಿ. ಆಮ್ಯಾಲೆ ನೋಡೂಣು.”

ಸೆರಗು ಒಂದು! ಗಂಗಾರಾಮನಿಗೆ ಜೀವ ಬಂದಂತಾಯಿತು. ಅವಳ ಹಿಂದೆಯೇ ಒಳಗೆ ಹೋಗಿ ಮಗ್ಗದ ಪಕ್ಕ ಗೋಡೆಗಾತು ಕುಳಿತ. ಅವಳು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯತೊಡಗಿದಳು. ಲಾಳಿ ಅತ್ತ ಹೋಯಿತು, ಇತ್ತ ಬಂತು. ಕೆಂಪು ಸೆರಗು ಬೆರಳಗಲ ಬೆಳೆಯಿತು, ಚೋಟುದ್ದ ಬೆಳೆಯಿತು. ಅವನು ಕಿಟಕಿಯ ಬಿಸಿಲು ನೋಡಿ ಅಂದಾಜು ಮಾಡಿದ: ಐದೂವರೆಯ ಬಸ್ಸು ಸಿಕ್ಕೀತು. ಹೇಗೆ ನೇಯುತ್ತಾಳೆಂದು ಕೇಳಬಹುದಿತ್ತು. ಇಷ್ಟು ದಿನ ಏನು ಮಾಡಿದೆ ಎಂದು ಕೇಳಬಹುದಿತ್ತು. ಸೆರಗು ಮುಗಿಯಲಿ, ಆಮೇಲೆ ಕೇಳಿದರಾಯಿತು ಎಂದುಕೊಂಡ.

ಕಡೆಯ ಎಳೆ ಬಿತ್ತು. ಗಂಗಾರಾಮ ಎದ್ದು ನಿಂತು ಪ್ಯಾಂಟು ಕೊಡವಿಕೊಂಡ.

ಪದ್ಮವ್ವ ಲಾಳಿ ಕೆಳಗಿಡಲಿಲ್ಲ. ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡಳು. ಆ ಗೇಣಿನಲ್ಲಿ ಏನೂ ನೇಯಲಿಲ್ಲ. ಅದರಾಚೆಯಿಂದ, ಅದೇ ಹಾಸಿನ ಮೇಲೆ, ತಲೆ ಎತ್ತದೆ, ಇನ್ನೊಂದು ಸೀರೆ ಶುರುಮಾಡಿದಳು. ಮಗ್ಗದ ಹಿಂದಿನ ಮರದ ಕುಂಟೆಗೆ ಸುತ್ತಿದ ನೂಲು ಇನ್ನೂ ತೊಡೆಯಷ್ಟು ದಪ್ಪವಿತ್ತು.

ಅವನು ನಿಂತೇ ಇದ್ದ. ಎರಡು ಸೀರೆಗಳ ನಡುವಿನ ಆ ಬರಿಯ ಎಳೆಗಳು, ಒಂದಕ್ಕೊಂದು ತಾಗದೆ, ಅಡ್ಡ ಒಂದು ನೂಲೂ ಇಲ್ಲದೆ, ಅವನ ಮೊಣಕಾಲ ಮುಂದೆಯೇ ಮೆಲ್ಲಗೆ ಸರಿದು, ನೇಯ್ದ ಸೀರೆ ಸುತ್ತುವ ಮರದ ಕೆಳಗೆ ಹೋದವು.